ಗೇರು ಬದಲಿಸುವವರು ಯಾರು: ಕೈಯೋ, ಯಂತ್ರವೋ?

2013ರಲ್ಲಿ ಜರ್ಮನಿಯ ಪೋರ್ಷೆ ಕಾರ್ಖಾನೆಯವರು 911 ಜಿಟಿ3 ಎಂಬ ತಮ್ಮ ಸ್ಪೋರ್ಟ್ಸ್ ಕಾರಿನ ಹೊಸ ಮಾದರಿಯೊಂದನ್ನು ಹೊರತಂದರು. ಅದರಲ್ಲಿ ಕ್ಲಚ್ಚಿನ ಪೆಡಲು ಇರಲಿಲ್ಲ. ಚಾಲಕನು ಸ್ಟಿಯರಿಂಗ್ ಚಕ್ರದ ಹಿಂದಿರುವ ಪುಟ್ಟ ಪಟ್ಟಿಯೊಂದನ್ನು ಬೆರಳಿನಿಂದ ಎಳೆದರೆ ಸಾಕು, ಉಳಿದ ಕೆಲಸವನ್ನು ಯಂತ್ರವೇ ಮಾಡಿ ಮುಗಿಸುತ್ತಿತ್ತು. ಹಳೆಯ ಕೈಗೇರಿಗಿಂತ ಇದು ಚುರುಕಾದುದೆಂಬ ವಿಷಯದಲ್ಲಿ ವಿವಾದವಿರಲಿಲ್ಲ. ಆದರೂ 2017ರಲ್ಲಿ ಅದೇ ಕಾರಿನ ಪರಿಷ್ಕೃತ ಮಾದರಿ ಬಂದಾಗ, ಬೇಕೆಂದವರಿಗೆ ಆರು ಗೇರುಗಳ ಕೈಪೆಟ್ಟಿಗೆಯನ್ನು ಮರಳಿ ಒದಗಿಸಲಾಯಿತು. ವೇಗಕ್ಕೆಂದೇ ಹುಟ್ಟಿದ ಕಾರಿನಲ್ಲಿ ನಿಧಾನವಾದ ಸಾಧನವನ್ನು ಕೇಳಿ ಪಡೆಯುವ ಜನರೂ ಇರುವರೆಂದಾಯಿತು! ಇದು ಬರಿಯ ಹಟವೇ, ಹಳೆಯದರ ಮೇಲಣ ಮೋಹವೇ, ಇಲ್ಲವೆ ವಿಚಾರಕ್ಕೆ ನಿಲ್ಲುವ ಅಂಶವೇನಾದರೂ ಇದರಲ್ಲಿ ಉಂಟೇ?

ಇಂಥ ಕಾರನ್ನು ಕೊಳ್ಳುವ ಶಕ್ತಿ ನನಗೂ ಇಲ್ಲ, ನನ್ನ ವಿದ್ಯಾರ್ಥಿಗಳಿಗೂ ಇಲ್ಲ. ಆದರೂ ತರಗತಿ ಮುಗಿದ ಮೇಲೆ ಈ ವಿಷಯವಾಗಿ ಅವರಲ್ಲಿ ನಡೆಯುವ ವಾಗ್ವಾದವನ್ನು ನಾನು ಹಲವು ಬಾರಿ ಕೇಳಿದ್ದೇನೆ. ಎರಡು ಪಕ್ಷದವರೂ ಭೌತಶಾಸ್ತ್ರವನ್ನೇ ಸಾಕ್ಷಿಗೆ ಕರೆಯುತ್ತಾರೆ. ಆ ಸಾಕ್ಷಿ ಏನು ಹೇಳುತ್ತದೆ, ಏನು ಹೇಳಲಾರದು ಎಂಬುದನ್ನು ಬೇರ್ಪಡಿಸಿ ನೋಡುವುದು ಅಗತ್ಯ.

ಮೊದಲು ಮೂಲಕ್ಕೆ ಹೋಗೋಣ. ಎಂಜಿನಿನ ಸಾಮರ್ಥ್ಯವೆಂದರೆ ಅದರ ಟಾರ್ಕು ಮತ್ತು ಕೋನೀಯ ವೇಗಗಳ ಗುಣಲಬ್ಧ. ಪೆಟ್ರೋಲ್ ಎಂಜಿನು ತನ್ನ ಪೂರ್ಣ ಸಾಮರ್ಥ್ಯವನ್ನು ಕೆಲವೇ ಸಾವಿರ ಸುತ್ತುಗಳ ಕಿರಿದಾದ ಮೇರೆಯೊಳಗೆ ಮಾತ್ರ ತೋರಿಸಬಲ್ಲದು. ಚಕ್ರಗಳಾದರೋ ನಿಶ್ಚಲಸ್ಥಿತಿಯಿಂದ ಅತಿವೇಗದವರೆಗೆ ತಿರುಗಬೇಕು. ಈ ಇಬ್ಬರ ನಡುವೆ ಸಂಧಾನ ಮಾಡಿಸುವುದೇ ಗೇರುಪೆಟ್ಟಿಗೆ. ಒಂದು ಗೇರಿನಿಂದ ಮತ್ತೊಂದಕ್ಕೆ ಹೋಗುವಾಗ ಕ್ಲಚ್ಚು ಎಂಜಿನನ್ನು ಕ್ಷಣಕಾಲ ಬೇರ್ಪಡಿಸುತ್ತದೆ. ಆ ಕ್ಷಣದಲ್ಲಿ ಕಾರಿಗೆ ತಳ್ಳುವ ಬಲವಿಲ್ಲ, ವೇಗೋತ್ಕರ್ಷವೂ ಇಲ್ಲ. ಈ ಬರಿದಾದ ಕ್ಷಣವನ್ನು ಎಷ್ಟು ಕಿರಿದುಗೊಳಿಸಬಹುದೆಂಬುದೇ ಅರೆಸ್ವಯಂಚಾಲಿತ ಗೇರಿನ ಇತಿಹಾಸದ ಮುಖ್ಯ ಪ್ರಶ್ನೆಯಾಗಿದೆ.

ಯಾವ ಗೇರು ಬೇಕೆಂಬ ನಿರ್ಣಯ ಮನುಷ್ಯನದು, ಕ್ಲಚ್ಚಿನ ಕೆಲಸ ಯಂತ್ರದ್ದು: ಅರೆಸ್ವಯಂಚಾಲಿತವೆಂದರೆ ಇಷ್ಟೇ. 1967ರಲ್ಲಿ ಇದೇ ಪೋರ್ಷೆಯವರು ಹೊರತಂದ ಸ್ಪೋರ್ಟೊಮ್ಯಾಟಿಕ್‌ನಲ್ಲಿ ಚಾಲಕನು ಗೇರುಕೋಲನ್ನು ತಾನೇ ಸರಿಸಬೇಕಾಗಿತ್ತು. ಕ್ಲಚ್ಚು ಮಾತ್ರ ತಾನಾಗಿ ಬಿಡುತ್ತಿತ್ತು. 1989ರಲ್ಲಿ ಜಾನ್ ಬರ್ನಾರ್ಡ್ ಅವರು ರೂಪಿಸಿದ ಫೆರಾರಿ 640 ಎಂಬ ಪಂದ್ಯದ ಕಾರು ಗೇರುಕೋಲನ್ನೇ ತೊರೆದು, ಸ್ಟಿಯರಿಂಗ್ ಚಕ್ರದ ಹಿಂದೆ ಪಟ್ಟಿಗಳನ್ನು ಇರಿಸಿಕೊಂಡು ಬಂತು. ಬ್ರೆಜಿಲಿನಲ್ಲಿ ನಡೆದ ತನ್ನ ಮೊದಲ ಪಂದ್ಯವನ್ನೇ ಅದು ನೈಜೆಲ್ ಮ್ಯಾನ್ಸೆಲ್ ಅವರ ಕೈಯಲ್ಲಿ ಗೆದ್ದಿತು. 1997ರಲ್ಲಿ ಅದೇ ವ್ಯವಸ್ಥೆ ಫೆರಾರಿ 355ರ ಮೂಲಕ ರಸ್ತೆಗೂ ಇಳಿಯಿತು. ಇಂದಿನ ಜೋಡಿ ಕ್ಲಚ್ಚಿನ ಪೆಟ್ಟಿಗೆಯಲ್ಲಿ 1, 3, 5ನೆಯ ಗೇರುಗಳು ಒಂದು ಕ್ಲಚ್ಚಿಗೂ 2, 4, 6ನೆಯವು ಇನ್ನೊಂದಕ್ಕೂ ಸೇರಿರುತ್ತವೆ. ಒಂದು ಗೇರು ದುಡಿಯುತ್ತಿರುವಾಗಲೇ ಮುಂದಿನದು ಸಿದ್ಧವಾಗಿ ಕಾದಿರುತ್ತದೆ. ಒಂದು ಕ್ಲಚ್ಚು ಬಿಡುತ್ತಿದ್ದಂತೆ ಮತ್ತೊಂದು ಹಿಡಿಯುತ್ತದೆ. ಬರಿದಾದ ಕ್ಷಣವು ಬಹುಮಟ್ಟಿಗೆ ಮಾಯವಾಗಿದೆ. ಚಾಲಕನು ಬಯಸಿದರೆ ಗೇರಿನ ಆಯ್ಕೆಯನ್ನೂ ಯಂತ್ರಕ್ಕೇ ಒಪ್ಪಿಸಬಹುದು. 2014ರಲ್ಲಿ ಮಾರುತಿ ಸೆಲೆರಿಯೊ ಕಾರಿನೊಡನೆ ನಮ್ಮ ರಸ್ತೆಗಳಿಗೆ ಬಂದ ಕ್ಲಚ್ ಪೆಡಲಿಲ್ಲದ ಗೇರು ಒಂದೇ ಕ್ಲಚ್ಚಿನದು. ವೇಗದಲ್ಲಿ ಇವುಗಳಿಗೆ ಸಮನಲ್ಲದಿದ್ದರೂ ಅದು ಇದೇ ಕುಲಕ್ಕೆ ಸೇರಿದ್ದು.

ಈಗ ಅಂಕಿಗಳನ್ನು ನೋಡೋಣ. 2017ರ ಜಿಟಿ3 ಕಾರು ಜೋಡಿ ಕ್ಲಚ್ಚಿನೊಡನೆ ಗಂಟೆಗೆ 100 ಕಿಲೋಮೀಟರ್ ವೇಗವನ್ನು 3.4 ಸೆಕೆಂಡುಗಳಲ್ಲಿ ಮುಟ್ಟುವುದೆಂದೂ, ಕೈಗೇರಿನೊಡನೆ 3.9 ಸೆಕೆಂಡುಗಳು ಬೇಕೆಂದೂ ತಯಾರಕರೇ ಹೇಳಿದ್ದಾರೆ. ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಅರ್ಧ ಸೆಕೆಂಡಿನಲ್ಲಿ ಸುಮಾರು 14 ಮೀಟರ್ ಚಲಿಸುತ್ತದೆ. ಪಂದ್ಯದ ಕಣದಲ್ಲಿ ಇದು ಅಲ್ಪವಲ್ಲ. ಆದರೆ ಕೈಗೇರಿನ ಕಾರು 17 ಕಿಲೋಗ್ರಾಂ ಹಗುರ. ಅದರ ಪರಮವೇಗ ಗಂಟೆಗೆ 320 ಕಿಲೋಮೀಟರ್, ಇನ್ನೊಂದರದು 318. ಅಳೆಯುವ ಕೋಲು ಬದಲಾದರೆ ಗೆಲ್ಲುವವರೂ ಬದಲಾಗುತ್ತಾರೆಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು.

ಕೈಗೇರಿನ ಪಕ್ಷಪಾತಿಗಳು "ಅದರಲ್ಲಿ ಕಾರಿನ ಮೇಲೆ ಹಿಡಿತ ಹೆಚ್ಚು" ಎನ್ನುವುದುಂಟು. ಇದನ್ನು ನಾನು ಒಪ್ಪಲಾರೆ. ತಿರುವಿನಲ್ಲಿ ಎರಡು ಕೈಗಳೂ ಸ್ಟಿಯರಿಂಗ್ ಚಕ್ರದ ಮೇಲಿರುವುದೇ ಲೇಸು. ಅಷ್ಟೇ ಅಲ್ಲ, ಮೂರನೆಯ ಗೇರಿನಲ್ಲಿ ಎಂಜಿನು ಮಿನಿಟಿಗೆ 8000 ಸುತ್ತು ತಿರುಗುತ್ತಿರುವಾಗ, ನಾಲ್ಕನೆಯದಕ್ಕೆ ಹೋಗಬೇಕಾದ ಕೈ ತಪ್ಪಿ ಎರಡನೆಯದಕ್ಕೆ ಹೋಯಿತೆನ್ನೋಣ. ಆ ಎರಡು ಗೇರುಗಳ ಅನುಪಾತ ಒಂದೂವರೆಯಾಗಿದ್ದರೆ, ಚಕ್ರಗಳು ಎಂಜಿನನ್ನು 12,000 ಸುತ್ತುಗಳತ್ತ ಎಳೆಯುತ್ತವೆ, ಎಂಜಿನು ಒಡೆದುಹೋಗಬಹುದು. ಅರೆಸ್ವಯಂಚಾಲಿತ ಪೆಟ್ಟಿಗೆಯ ಗಣಕವು ಇಂಥ ಅಪ್ಪಣೆಯನ್ನು ಪಾಲಿಸುವುದೇ ಇಲ್ಲ.

ಹಾಗಾದರೆ ಕೈಗೇರಿನ ಪರವಾಗಿ ಉಳಿಯುವುದೇನು? ಒಂದು ಲೆಕ್ಕವನ್ನು ಮಾಡೋಣ. ಕಾರು ತಿರುವಿಗೆ ಬರುತ್ತಿದೆ, ಮೂರನೆಯ ಗೇರಿನಿಂದ ಎರಡನೆಯದಕ್ಕೆ ಇಳಿಯಬೇಕಾಗಿದೆ. ಎಂಜಿನಿನ ವೇಗ ಮಿನಿಟಿಗೆ 4000 ಸುತ್ತುಗಳಿಂದ 6000ಕ್ಕೆ ಏರಬೇಕು. ಚಾಲಕನು ಸುಮ್ಮನೆ ಕ್ಲಚ್ಚನ್ನು ಬಿಟ್ಟರೆ, ಎಂಜಿನನ್ನು ಮೇಲೆತ್ತುವ ಹೊರೆ ಚಕ್ರಗಳ ಮೇಲೆ ಬೀಳುತ್ತದೆ; ಕಾರು ಮುಗ್ಗರಿಸುತ್ತದೆ, ಕ್ಲಚ್ಚು ಉಜ್ಜುತ್ತದೆ. ಹಾಗೆ ಉಷ್ಣವಾಗಿ ಹಾಳಾಗುವ ಶಕ್ತಿಯು, ಎಂಜಿನಿನ ಜಡತ್ವ ಭ್ರಾಮಕವನ್ನು ಕೋನೀಯ ವೇಗಗಳ ವ್ಯತ್ಯಾಸದ ವರ್ಗದಿಂದ ಗುಣಿಸಿ ಬಂದುದರ ಅರ್ಧದಷ್ಟು. ಜಡತ್ವ ಭ್ರಾಮಕವು 0.2 ಕಿಲೋಗ್ರಾಂ-ಮೀಟರ್ ವರ್ಗವೆಂದಿಟ್ಟುಕೊಂಡರೆ ಇದು ಸುಮಾರು 4400 ಜೂಲ್ ಆಗುತ್ತದೆ. 50 ಕಿಲೋಗ್ರಾಂ ತೂಗುವ ವಿದ್ಯಾರ್ಥಿಯೊಬ್ಬನನ್ನು 9 ಮೀಟರ್ ಎತ್ತರಕ್ಕೆ ಏರಿಸಬಲ್ಲ ಶಕ್ತಿ! ನುರಿತ ಚಾಲಕನು ಈ ನಷ್ಟವನ್ನು ತಪ್ಪಿಸುತ್ತಾನೆ. ಬಲಪಾದದ ಮುಂಭಾಗದಿಂದ ಬ್ರೇಕನ್ನು ಒತ್ತಿಹಿಡಿದು, ಅದೇ ಪಾದದ ಅಂಚಿನಿಂದ ಆಕ್ಸಿಲರೇಟರನ್ನು ಕ್ಷಣಕಾಲ ತಟ್ಟಿ, ಎಂಜಿನನ್ನು 6000ಕ್ಕೆ ತಂದು, ಆಮೇಲೆ ಕ್ಲಚ್ಚನ್ನು ಬಿಡುತ್ತಾನೆ. ಗೇರು ಸದ್ದಿಲ್ಲದೆ ಕೂಡಿಕೊಳ್ಳುತ್ತದೆ.

ಆತನಿಗೆ ಜಡತ್ವ ಭ್ರಾಮಕವೆಂಬ ಹೆಸರು ತಿಳಿದಿರಬೇಕಾಗಿಲ್ಲ. ಆತನ ಕಿವಿ, ಪಾದ, ಅಂಗೈಗಳು ಆ ಲೆಕ್ಕವನ್ನು ಮಾಡಿರುತ್ತವೆ. ಲೆಕ್ಕ ತಪ್ಪಿದರೆ ಕಾರೇ ಅದನ್ನು ತಿಳಿಸುತ್ತದೆ. ಅರೆಸ್ವಯಂಚಾಲಿತ ಪೆಟ್ಟಿಗೆಯೂ ಇದೇ ಕೆಲಸವನ್ನು ಮಾಡುತ್ತದೆ, ಬಹುಶಃ ಇನ್ನೂ ಚೆನ್ನಾಗಿ ಮಾಡುತ್ತದೆ. ನಿಸರ್ಗದ ನಿಯಮ ಎರಡರಲ್ಲಿಯೂ ಒಂದೇ. ಆದರೆ ಒಂದರಲ್ಲಿ ಚಾಲಕನು ಆ ನಿಯಮವನ್ನು ಮುಟ್ಟಿ ಅರಿಯುತ್ತಾನೆ, ಇನ್ನೊಂದರಲ್ಲಿ ಅದರ ಫಲವನ್ನು ಮಾತ್ರ ಪಡೆಯುತ್ತಾನೆ. ಈ ವ್ಯತ್ಯಾಸವನ್ನು ಸೆಕೆಂಡುಗಳಲ್ಲಿ ಅಳೆಯಲಾಗದು. ಹಾಗೆಂದು ಅದು ಇಲ್ಲವೆನ್ನಲೂ ಆಗದು.

"ಹಾಗಿದ್ದರೆ ಎಂಜಿನನ್ನು ಹಿಂದಿನಂತೆ ಹ್ಯಾಂಡಲ್ ತಿರುಗಿಸಿಯೇ ಹೊರಡಿಸಬೇಕಲ್ಲವೇ?" ಎಂದು ಒಬ್ಬ ವಿದ್ಯಾರ್ಥಿ ನನ್ನನ್ನು ಕೇಳಿದ. ಪ್ರಶ್ನೆ ಯೋಗ್ಯವಾದುದೇ. 1912ರ ಕ್ಯಾಡಿಲ್ಯಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರು ಬಂದಾಗ ಜನರು ಕಳೆದುಕೊಂಡದ್ದು ತೋಳಿನ ಶ್ರಮವನ್ನೂ ಮಣಿಕಟ್ಟು ಮುರಿಯುವ ಭಯವನ್ನೂ ಮಾತ್ರ. 1928ರಲ್ಲಿ ಅದೇ ಕಾರಿಗೆ ಬಂದ ಸಿಂಕ್ರೊಮೆಷ್ ವ್ಯವಸ್ಥೆಯು ಹಲ್ಲುಚಕ್ರಗಳ ವೇಗವನ್ನು ತಾನೇ ಹೊಂದಿಸಿ ಅವುಗಳ ಕರ್ಕಶ ಸದ್ದನ್ನು ನಿಲ್ಲಿಸಿತು. ಇಂದಿನ ಕೈಗೇರೂ ಪೂರ್ತಿ ಕೈಯದಲ್ಲವೆಂಬುದು ನಿಜ. ಆದರೆ ದಣಿವು ಬೇರೆ, ಕುಶಲತೆ ಬೇರೆ. ದಣಿವನ್ನು ಯಂತ್ರಕ್ಕೆ ಒಪ್ಪಿಸುವಾಗ ಯಾರನ್ನೂ ಕೇಳಬೇಕಾಗಿಲ್ಲ. ಕುಶಲತೆಯನ್ನು ಒಪ್ಪಿಸುವಾಗ ಮಾತ್ರ, ಕೊಡುತ್ತಿರುವುದೇನೆಂದು ಅರಿತು ಕೊಡಬೇಕು.

ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಹೇಳುತ್ತೇನೆ. ಪಂದ್ಯವನ್ನು ಗೆಲ್ಲಬೇಕಾದವನು ಅರೆಸ್ವಯಂಚಾಲಿತವನ್ನು ಆರಿಸಲಿ; ಅಲ್ಲಿ ಗಡಿಯಾರವೇ ನ್ಯಾಯಾಧೀಶ. ಎಡಗಾಲಿನಲ್ಲಿ ಶಕ್ತಿಯಿಲ್ಲದವರಿಗೂ ಅದು ದೊಡ್ಡ ವರ. ಕ್ಲಚ್ಚಿನ ಪೆಡಲೇ ಅವರಿಗೂ ಕಾರಿಗೂ ನಡುವಣ ಅಡ್ಡಗೋಡೆಯಾಗಿತ್ತು. ಅದನ್ನು ಕೆಡವಿದ್ದು ಅರ್ಧ ಸೆಕೆಂಡಿನ ಉಳಿತಾಯಕ್ಕಿಂತ ಹೆಚ್ಚಿನ ಸಾಧನೆಯೆಂದೇ ನಾನೆಣಿಸುತ್ತೇನೆ. ಆದರೆ ಸಾರ್ವಜನಿಕ ರಸ್ತೆಯಲ್ಲಿ, ಕಾಯಿದೆ ವಿಧಿಸಿದ ವೇಗಮಿತಿಯೊಳಗೆ, ಸಂತೋಷಕ್ಕಾಗಿ ಸ್ಪೋರ್ಟ್ಸ್ ಕಾರನ್ನು ನಡೆಸುವವನಿಗೆ ಆ ಅರ್ಧ ಸೆಕೆಂಡಿನಿಂದ ಆಗಬೇಕಾದುದೇನು? ಅಂಥವನು ಕೈಗೇರನ್ನೇ ಆರಿಸುವುದು ಯುಕ್ತ. "ಇದೇ ವೇಗವಾದುದು" ಎಂಬ ಸುಳ್ಳು ಕಾರಣಕ್ಕಲ್ಲ, "ಇದರಲ್ಲಿ ನಾನು ಕಲಿಯುತ್ತೇನೆ" ಎಂಬ ದಿಟವಾದ ಕಾರಣಕ್ಕೆ.

ಸ್ಪೋರ್ಟ್ಸ್ ಕಾರು ದೊರೆಯದವರೂ ಇದನ್ನು ಕಲಿಯಬಹುದು. ಮುಂದಿನ ಬಾರಿ ಘಟ್ಟದ ದಾರಿಯಲ್ಲಿ ಗೇರುಕೋಲಿರುವ ಬಸ್ಸಿನಲ್ಲಿ ಪ್ರಯಾಣ ಮಾಡುವಾಗ ಚಾಲಕನ ಹಿಂದಿನ ಆಸನದಲ್ಲಿ ಕುಳಿತು, ಏರು ಬರುವ ಮೊದಲೇ ಆತನ ಎಡಗೈ ಎತ್ತ ಹೋಗುವುದೆಂದೂ, ಎಂಜಿನಿನ ದನಿ ಯಾವಾಗ ಏರುವುದೆಂದೂ ಗಮನಿಸಿರಿ. ತರಗತಿಯ ಹಲಗೆಯ ಮೇಲೆ ನಾವು ಬರೆಯುವ ಸಮೀಕರಣವನ್ನು ಆತನು ದಿನಕ್ಕೆ ನೂರಾರು ಸಲ ಬಿಡಿಸುತ್ತಿರುತ್ತಾನೆ.