ಸಭೆಗೆ ಬಂದವರ ಕೂಲಿ

ಎಸ್.ಡಿ.ಎಂ.ಸಿ. ಎಂದೊಡನೆ ನನ್ನ ಕಣ್ಣ ಮುಂದೆ ಬರುವುದು ಅದರ ನಡಾವಳಿ ಪುಸ್ತಕ. ಸಭೆ ಮುಗಿದ ಮರುದಿನ ಅದನ್ನು ಕಂಕುಳಲ್ಲಿಟ್ಟುಕೊಂಡು, ಬಾರದಿದ್ದ ಸದಸ್ಯರ ಮನೆಮನೆಗೆ ಸಹಿಗಾಗಿ ತಿರುಗುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಮ್ಮೆ ಒಬ್ಬ ತಾಯಿಯನ್ನು ಹುಡುಕಿಕೊಂಡು ಹೊಲಕ್ಕೇ ಹೋಗಬೇಕಾಯಿತು. ಕೂಲಿಗೆ ಕಳೆ ಕೀಳುತ್ತಿದ್ದ ಆಕೆ ಸೆರಗಿಗೆ ಕೈಯೊರೆಸಿಕೊಂಡು ಸಹಿ ಹಾಕಿ, “ಇದ್ರಲ್ಲಿ ಏನ್ ಬರ್ದಿದ್ದೀರಾ ಮೇಷ್ಟ್ರೇ?” ಎಂದು ಕೇಳಿದರು. ಹೆಣ್ಣುಮಕ್ಕಳ ಶೌಚಾಲಯದ ದುರಸ್ತಿಯನ್ನು ಮುಂದೂಡಿ, ಆ ಹಣವನ್ನು ಶಾಲೆಯ ಗೇಟಿಗೆ ಬಳಸುವ ನಿರ್ಣಯವದು. ಆಕೆಯ ಮಗಳು ನಮ್ಮಲ್ಲೇ ಎಂಟನೆಯ ತರಗತಿಯಲ್ಲಿದ್ದಳು. “ಏನಿಲ್ಲಮ್ಮ, ಖರ್ಚಿನ ಲೆಕ್ಕ” ಎಂದು ಹೇಳಿ ನಾನು ಹಿಂದಿರುಗಿದೆ. ಆ ಉತ್ತರ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ನಮ್ಮ ರಾಜ್ಯದಲ್ಲಿ 2001ರಲ್ಲಿ ಹುಟ್ಟಿದವು. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ವಿಧಿಸಿತು. ಅಭಿವೃದ್ಧಿ ಯೋಜನೆ ಸಿದ್ಧಪಡಿಸುವುದು, ಅನುದಾನದ ಬಳಕೆಯ ಮೇಲೆ ಕಣ್ಣಿಡುವುದು ಅವರ ಹೊಣೆ. ಆದರೆ ಸಭೆಯ ದಿನ ಕೂಲಿಯವರ ಮನೆಯ ಒಲೆ ಹೇಗೆ ಉರಿಯಬೇಕೆಂದು ಯಾರೂ ಯೋಚಿಸಲಿಲ್ಲ.

ತರಬೇತಿಗೆಂದು ತಾಲ್ಲೂಕು ಕೇಂದ್ರಕ್ಕೆ ಹೋದರೆ ಭತ್ಯೆಯ ಬಿಲ್ಲು ಬರೆಯಲು ನಾವು ಮರೆಯುತ್ತಿರಲಿಲ್ಲ (ಆ ದಿನದ ಸಂಬಳವೂ ಉಂಟಷ್ಟೆ!). ಗ್ರಾಮ ಪಂಚಾಯಿತಿ ಸದಸ್ಯರಿಗೂ ಗೌರವಧನವಿದೆ. ಕೂಲಿ ಬಿಟ್ಟು ಬರಬೇಕಾದ ತಾಯಿಗೆ ಮಾತ್ರ ನಾವು ಸೇವಾಮನೋಭಾವವನ್ನು ಬೋಧಿಸುತ್ತೇವೆ. ಸಂಜೆ ಸಭೆ ನಡೆಸಬಹುದಲ್ಲ ಎನ್ನುವವರುಂಟು. ಐದು ಗಂಟೆಯ ಬಸ್ಸಿಗೆ ಕಾಯುವ ಶಿಕ್ಷಕರು ಅದಕ್ಕೆ ಒಪ್ಪಿದ್ದನ್ನು ನಾನಂತೂ ಕಾಣೆ.

ಹಣ ಬಂದರೆ ರಾಜಕೀಯವೂ ಬರುತ್ತದೆಂಬ ಆಕ್ಷೇಪವನ್ನು ನನ್ನ ಗೆಳೆಯರೇ ಎತ್ತಿದ್ದಾರೆ. ಬಿಡಿಗಾಸೂ ಇಲ್ಲದಾಗಲೇ ಅಧ್ಯಕ್ಷಗಿರಿಗೆ ಊರು ಎರಡು ಪಂಗಡವಾದುದನ್ನು ಕಂಡವನು ನಾನು. ಗಂಜಿಯ ಚಿಂತೆಯಿಲ್ಲದವರಷ್ಟೇ ಸಭೆಗೆ ಬರುವಂತಾದರೆ ಅಲ್ಲಿ ಉಳಿಯುವುದು ಅವರ ರಾಜಕೀಯವೇ. ಮಾಸಿಕ ಸಂಬಳ ಕೊಡಿರೆಂದು ನಾನು ಕೇಳುತ್ತಿಲ್ಲ. ಸಭೆಯಲ್ಲಿ ಕುಳಿತವರಿಗೆ ಒಂದು ದಿನದ ಕನಿಷ್ಠ ಕೂಲಿಯಷ್ಟು ಹಣ ಅಂದೇ ಕೈಸೇರಲಿ. ಪುಸ್ತಕ ಹೊತ್ತು ತಂದ ಸಹಿಗೆ ಕಾಸೂ ಬೇಡ. ಆ ಮೊತ್ತವನ್ನು ಸರ್ಕಾರ ಪ್ರತ್ಯೇಕವಾಗಿಯೇ ಕೊಡಬೇಕು. ಶಾಲೆಯ ಅನುದಾನದಲ್ಲೇ ಹೊಂದಿಸಿಕೊಳ್ಳಿ ಎಂದರೆ ಶೌಚಾಲಯದ ದುರಸ್ತಿ ಇನ್ನೂ ಒಂದು ವರ್ಷ ಮುಂದಕ್ಕೆ ಹೋದೀತು.