ವೃಂದಗಾನವೂ ಉಪಾಧ್ಯಾಯನ ಕೈಯೂ

ಸಂಗೀತದ ಉಪಾಧ್ಯಾಯನಾಗಬೇಕೆನ್ನುವವನು ಮೊದಲು ಹಾಡದೆ ಇರುವುದನ್ನು ಕಲಿಯಬೇಕು ಎಂದರೆ ಓದುಗರು ನಕ್ಕಾರು. ತರಬೇತಿಗೆ ಸೇರಿದ ಹೊಸತರಲ್ಲಿ ನಾನೂ ನಕ್ಕವನೇ.

ಅಭ್ಯಾಸಪಾಠಕ್ಕೆಂದು ಪ್ರೌಢಶಾಲೆಯೊಂದರ 40 ಮಕ್ಕಳನ್ನು ನನಗೆ ಒಪ್ಪಿಸಿದ್ದರು. ಹಾಡಿಸಬೇಕಾದದ್ದು ನಾಡಗೀತೆ. ಬಾಲ್ಯದಿಂದಲೂ ಕರ್ನಾಟಕ ಸಂಗೀತವನ್ನು ಕಲಿತವನಾದ್ದರಿಂದ, ತೊಡೆಯ ಮೇಲೆ ಹಾಕುವ ತಾಳವನ್ನೇ ಗಾಳಿಯಲ್ಲಿ ಹಾಕಿದರಾಯಿತು ಎಂದುಕೊಂಡು ಮಕ್ಕಳೆದುರು ನಿಂತೆ. ಮೊದಲ ಪದವೇ ನಲವತ್ತು ಚೂರಾಯಿತು.

ಕಾರಣ ನಿಧಾನವಾಗಿ ತಿಳಿಯಿತು. ಆದಿತಾಳದ 8 ಅಕ್ಷರಗಳನ್ನು ಘಾತ, ಬೆರಳೆಣಿಕೆ, ವಿಸರ್ಜಿತಗಳಿಂದ ಎಣಿಸುವ ಕೈ, ಗಾಯಕನು ಈಗ ಎಲ್ಲಿದ್ದಾನೆಂಬುದನ್ನು ತಿಳಿಸುತ್ತದೆ. ವೃಂದವನ್ನು ನಡೆಸುವ ಕೈಯಾದರೋ ಮುಂದೆ ಬರಲಿರುವುದನ್ನು ತಿಳಿಸಬೇಕು. ಹಾಡನ್ನು ಎತ್ತಿಕೊಳ್ಳುವುದಕ್ಕೆ ಒಂದು ಅಕ್ಷರ ಮುಂಚೆಯೇ ಕೈ ಮೇಲೇಳಬೇಕು. ಅದರೊಡನೆ ನಾನು ಉಸಿರೆಳೆದುಕೊಳ್ಳಬೇಕು. ಅದನ್ನು ಕಂಡು ಮಕ್ಕಳೂ ಉಸಿರೆಳೆದುಕೊಳ್ಳುತ್ತಾರೆ. ಒಟ್ಟಿಗೆ ಉಸಿರೆಳೆದವರು ಒಟ್ಟಿಗೆ ಹಾಡುತ್ತಾರೆ. ಇಷ್ಟನ್ನು ಕಲಿಯಲು ಕನ್ನಡಿಯ ಮುಂದೆ ಮೂರು ವಾರ ಹಿಡಿಯಿತು.

ಆದರೂ ಮಕ್ಕಳು ತಪ್ಪಿಯಾರೆಂಬ ಭಯದಿಂದ ನಾನೇ ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದೆ. ಪಾಠ ನೋಡಲು ಬಂದ ಹಿರಿಯರೊಬ್ಬರು, “ನೀವು ಹಾಡುತ್ತಿರುವಾಗ ನಿಮಗೆ ಯಾರ ದನಿ ಕೇಳಿಸುತ್ತದೆ?” ಎಂದರು. ಬಾಯಿ ಮುಚ್ಚಿ ಕಿವಿಗೊಟ್ಟೆ. ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗನ ತುಟಿ ಆಡುತ್ತಿತ್ತು, ದನಿ ಇರಲಿಲ್ಲ. ವಿಚಾರಿಸಿದರೆ, “ನಂಗೆ ಶ್ರುತಿ ಸೇರಲ್ಲ ಸಾರ್, ಬಾಯಿ ಮಾತ್ರ ಆಡಿಸು ಅಂತ ಹೇಳಿದಾರೆ” ಎಂದ. ದನಿ ಒಡೆಯುವ ವಯಸ್ಸು ಅವನದು. ಹಾರ್ಮೋನಿಯಮ್ಮಿನಲ್ಲಿ ಶ್ರುತಿಯನ್ನು ಎರಡು ಮನೆ ತಗ್ಗಿಸಿದೆ. ಮೆಲ್ಲಗೆ, ನಾಚುತ್ತ, ಅವನು ಹಾಡಿದ. ಉಪಾಧ್ಯಾಯನ ಕಂಠಕ್ಕೆ ಹಿತವಾದ ಶ್ರುತಿಯನ್ನು ಮಕ್ಕಳ ಮೇಲೆ ಹೇರಿ, ಅದು ಸೇರದವನನ್ನು ಮೂಕನನ್ನಾಗಿ ಮಾಡಿದ್ದೆವು.

ಕೈಯಾಡಿಸಿ ಹಾಡಿಸುವುದು ಪರದೇಶದ ವಿದ್ಯೆ, ನಮಗೇಕೆ ಎನ್ನುವವರಿದ್ದಾರೆ. ಸೋಬಾನೆ ಹಾಡುವಲ್ಲಿ ಮುಂದಾಳಾದವಳು ಸಾಲನ್ನು ಎತ್ತಿಕೊಟ್ಟು, ಉಳಿದವರು ಹಾಡುವಾಗ ತಾನು ಕೇಳುವುದಿಲ್ಲವೇ? ಎತ್ತಿಕೊಡುವುದೂ ಕೇಳುವುದೂ ನಮಗೆ ಹೊಸತಲ್ಲ. ಪರದೇಶದವರೂ ಇದನ್ನು ಸುಲಭವಾಗಿ ಕಲಿಯಲಿಲ್ಲ. ಫ್ರಾನ್ಸಿನ ಲುಲ್ಲಿ ಎಂಬ ಸಂಗೀತಗಾರ ಉದ್ದನೆಯ ಕೋಲಿನಿಂದ ನೆಲ ಕುಟ್ಟಿ ಲಯ ತೋರಿಸುತ್ತಿದ್ದಾಗ ತನ್ನ ಕಾಲಿಗೇ ಹೊಡೆದುಕೊಂಡು, ಆ ಗಾಯ ಕೊಳೆತು 1687ರಲ್ಲಿ ತೀರಿಕೊಂಡ. ಬೆತ್ತದಿಂದ ಮೇಜು ಕುಟ್ಟಿ ಹಾಡಿಸುವ ನಮ್ಮ ಉಪಾಧ್ಯಾಯರಿಗೆ ಅಂಥ ಅಪಾಯವಿಲ್ಲ. ಪೆಟ್ಟು ಬೀಳುವುದು ಹಾಡಿಗೆ.

ನಾಡಗೀತೆಯನ್ನು ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ನಿರ್ಣಯಿಸಿತು. ಧಾಟಿಯೂ ಕಾಲವೂ ಗೊತ್ತಾದವು. ಅದನ್ನು ಹಾಡಿಸುವವನ ಸಿದ್ಧತೆಯ ಕಡೆಗೂ ಗಮನ ಹರಿಯಬೇಕು. ಸಂಗೀತದ ಉಪಾಧ್ಯಾಯನಾಗಲಿರುವವನನ್ನು ಪರೀಕ್ಷಿಸುವಾಗ ಅವನ ಹಾಡನ್ನು ಕೇಳುವುದು ಸರಿಯೇ. ಅದರ ಜೊತೆಗೆ ಅವನು ಸುಮ್ಮನೆ ನಿಂತಿರಲು ಮಕ್ಕಳು ಹೇಗೆ ಹಾಡುತ್ತಾರೆಂಬುದನ್ನೂ ಕೇಳಬೇಕೆಂಬುದು ನನ್ನ ವಿನಂತಿ. ತುಟಿ ಮಾತ್ರ ಆಡಿಸುವ ಮಗು ಸಾಲಿನಲ್ಲಿ ನಿಂತಿದ್ದರೂ ನಾಡಗೀತೆಯ ಹೊರಗೇ ಉಳಿದಿರುತ್ತದೆ.