ಬಸುರಿಗೆ ನೂರು ಪಥ್ಯ, ಹುಡುಗನಿಗೆ?

ಮಗುವಿಗೆ ಉಬ್ಬಸ ಬಂದರೆ ನಮ್ಮಲ್ಲಿ ಮೊದಲ ದೂರು ಉಮ್ಮನ ಮೇಲೆ. 14ರ ಹುಡುಗ ಸಿಗರೇಟು ಹಚ್ಚಿದರೆ ಮಾತ್ರ, ‘ಪ್ರಾಯ ಅಲ್ವಾ’!

ಶ್ವಾಸಕೋಶ 20 ದಾಟುವವರೆಗೂ ಬೆಳೆಯುತ್ತದೆ. ವೀರ್ಯಾಣು ತಯಾರಾಗಲು ಶುರುವಾಗುವುದೂ ಹದಿಹರೆಯದಲ್ಲೇ. ನಾರ್ವೆಯ ಬರ್ಗನ್, ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯಗಳವರು 2023ರಲ್ಲಿ 875 ಜನರ ಡಿಎನ್‌ಎ ಪರೀಕ್ಷೆ ಪ್ರಕಟಿಸಿದರು. ಅಪ್ಪ 15ಕ್ಕೆ ಮೊದಲೇ ಸೇದಲು ಹಿಡಿದಿದ್ದರೆ ಮಕ್ಕಳಲ್ಲಿ 19 ಕಡೆ ಗುರುತು. ಕೆಲವಕ್ಕೆ ಉಬ್ಬಸದ ನಂಟು. ವಂಶವಾಹಿ ಅದೇ, ಅದರ ಸ್ವಿಚ್ಚು ಬೇರೆಯಾಗಿದೆ. ಆ 19ರಲ್ಲಿ 16, ತಾಯಿ ಸೇದಿದ್ದಕ್ಕೋ ಸ್ವತಃ ಸೇದಿದ್ದಕ್ಕೋ ಹಿಂದೆ ಎಲ್ಲೂ ಕಂಡದ್ದಲ್ಲ. ಇನ್ನೂ ಉಮ್ಮನನ್ನೇ ಬೈಯುತ್ತೀರಾ?

ನಾನು ಅಂಗಡಿಯವನ ಮಗ, ಒಂದು ಬಿಡಿ ಸಿಗರೇಟಿನ ಲಾಭ ಎಷ್ಟೆಂದು ಗೊತ್ತು. 18 ತುಂಬದವನಿಗೆ ಮಾರುವುದು 2003ರ ಕಾಯ್ದೆಯಲ್ಲೇ ಅಪರಾಧ. ಗಂಡು ನೋಡಲು ಹೋಗುವವರೇ, ಸಂಬಳ ಕೇಳುತ್ತೀರಿ. ಎಷ್ಟನೇ ವಯಸ್ಸಿಗೆ ಸೇದಲು ಶುರುಮಾಡಿದ ಎಂದು ಕೇಳಿದ್ದೀರಾ?